ಮೀಟರಿಗೆ ಅರ್ಧ ಅಂಕ

2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಅಮ್ಮಸಂದ್ರದಲ್ಲಿ ತೋಟವಿರುವ ಈ ಅಂಕಣಕಾರರ ಮನೆಯಲ್ಲಿ ದೊಡ್ಡ ಖರ್ಚನ್ನು ಅಳೆಯುವುದು ಈ ಲೆಕ್ಕದಲ್ಲೇ: ಬೋರ್‌ವೆಲ್ಲಿಗೆ ಎಷ್ಟು ಕ್ವಿಂಟಲ್, ಮದುವೆಗೆ ಎಷ್ಟು ಕ್ವಿಂಟಲ್. ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುವ ಅಣ್ಣನ ಮಗ ಸ್ಪರ್ಧೆಗೆಂದು ಬ್ಯಾಟರಿ ವಿಮಾನ ಕಟ್ಟಲು ಹೊರಟಾಗ ಅದಕ್ಕೂ ಇದೇ ಅಳತೆ ಬಿತ್ತು. ಒಂದು ಕ್ವಿಂಟಲಿಗಿಂತ ತುಸು ಹೆಚ್ಚು ಬೇಕಾಯಿತು.

ಹುಡುಗ ಆರಿಸಿಕೊಂಡದ್ದು ಎಫ್‌5ಜೆ. ವಾಯುಕ್ರೀಡೆಗಳ ಜಾಗತಿಕ ಒಕ್ಕೂಟವಾದ ಎಫ್‌ಎಐ ನಡೆಸುವ ಎಲೆಕ್ಟ್ರಿಕ್ ಗ್ಲೈಡರ್ ವಿಭಾಗ ಇದು. ಹಣದ ಲೆಕ್ಕ ಬಲ್ಲವರಿಗೆ ಇದರ ನಿಯಮ ಬಹಳ ಬೇಗ ಹಿಡಿಸುತ್ತದೆ. ಮೋಟಾರು ಓಡಿಸಲು ಸಿಗುವುದು ಹೆಚ್ಚೆಂದರೆ 30 ಸೆಕೆಂಡು. ಆಮೇಲೆ ಬರೀ ಗಾಳಿಯ ಮೇಲೆ ಹತ್ತು ನಿಮಿಷದ ಗಡುವು ತುಂಬಬೇಕು. ಹಾರಿದ ಪ್ರತಿ ಸೆಕೆಂಡಿಗೆ ಒಂದು ಅಂಕ. ಆದರೆ ಏರಿದ ಎತ್ತರಕ್ಕೆ ಬೆಲೆ ತೆರಬೇಕು. 200 ಮೀಟರ್‌ವರೆಗೆ ಮೀಟರಿಗೆ ಅರ್ಧ ಅಂಕ ಕಡಿತ, ಅದರಾಚೆ ಮೀಟರಿಗೆ ಮೂರು. ನೂರು ಮೀಟರಿಗೆ ನಿಲ್ಲಿಸಿದವನು ಕಳೆದುಕೊಳ್ಳುವುದು 50 ಅಂಕ. 220ಕ್ಕೆ ಏರಿದವನು 160. ವಿಮಾನದೊಳಗಿನ ಪುಟ್ಟ ಆಲ್ಟಿಮೀಟರು ಎಲ್ಲವನ್ನೂ ದಾಖಲಿಸುತ್ತದೆ, ಮೋಟಾರು ನಿಂತ ಮೇಲಿನ ಹತ್ತು ಸೆಕೆಂಡನ್ನೂ ಸೇರಿಸಿ.

ಖರೀದಿಯ ಪಟ್ಟಿಯನ್ನು ತಿದ್ದಿದ್ದೂ ಈ ನಿಯಮವೇ. ಮೋಟಾರು ಅರ್ಧ ನಿಮಿಷ ಮಾತ್ರ ಓಡುವುದಾದರೆ ದೊಡ್ಡ ಬ್ಯಾಟರಿ ಏಕೆ? 2200 ಎಂಎಎಚ್ ಬದಲು 1300ರದ್ದು ಬಂತು. ಹಣವೂ ಉಳಿಯಿತು, ತೂಕವೂ ಇಳಿಯಿತು.

ಉಳಿದ ಹಣ ಸರ್ವೋಗಳಿಗೆ ಹೋಯಿತು. ರೆಕ್ಕೆ, ಬಾಲದ ಪಟ್ಟಿಗಳನ್ನು ತಿರುಗಿಸುವ ಈ ಪುಟ್ಟ ಮೋಟಾರುಗಳು ನೂರೈವತ್ತು ರೂಪಾಯಿಗೂ ಸಿಗುತ್ತವೆ, ಒಳಗಿನ ಹಲ್ಲುಗಳು ಪ್ಲಾಸ್ಟಿಕ್ಕಿನವು. ಲೋಹದ ಹಲ್ಲಿನವಕ್ಕೆ ಎರಡರಷ್ಟಕ್ಕೂ ಹೆಚ್ಚು. "ಚಿಕ್ಕಪ್ಪ, ಇದ್ರಲ್ಲಿ ಅಗ್ಗ ನೋಡ್ಬೇಡಿ. ಇಳಿಯೋವಾಗ ಒಂದು ಹಲ್ಲು ಮುರಿದ್ರೆ ಮುಂದಿನ ಸುತ್ತೇ ಇಲ್ಲ" ಎಂದ ಹುಡುಗ. ಅವನ ಮಾತು ಸರಿಯಾಗಿತ್ತು. ರೇಡಿಯೊ ವಿಷಯವೂ ಹಾಗೆಯೇ. ಟ್ರಾನ್ಸ್‌ಮಿಟರಿಗೆ ಸುಮಾರು ಐದು ಸಾವಿರ, ಇಡೀ ಪಟ್ಟಿಯಲ್ಲಿ ಅದೇ ದುಬಾರಿ. ಆದರೆ ಒಂದೇ ಟ್ರಾನ್ಸ್‌ಮಿಟರಿನಲ್ಲಿ ಹಲವು ವಿಮಾನಗಳ ಹೊಂದಾಣಿಕೆ ಉಳಿಸಿಡಬಹುದು. ಈ ವಿಮಾನ ಮುರಿದರೂ ಅದು ಮುಂದಿನದಕ್ಕೆ ಬರುತ್ತದೆ.

ಒಡಲಿಗೆ ಮಾತ್ರ ಕೈ ಬಿಗಿಹಿಡಿದರು. ಯುರೋಪಿನಲ್ಲಿ ತಯಾರಾಗುವ, ನಾಲ್ಕು ಮೀಟರ್ ರೆಕ್ಕೆಯ ಕಾರ್ಬನ್ ಗ್ಲೈಡರು ಲಕ್ಷ ದಾಟುತ್ತದೆ. ಕಲಿಯುವವನಿಗೆ ಅದು ಬೇಡ. ಫೋಮ್ ಹಾಳೆ, ಕಾರ್ಬನ್ ಕಡ್ಡಿ, ಅಲ್ಲಲ್ಲಿ ಬಾಲ್ಸಾ ಮರ, ಎಲ್ಲ ಸೇರಿ ಸಾವಿರದೈನೂರರ ಆಸುಪಾಸಿನಲ್ಲಿ ಎರಡು ಮೀಟರ್ ರೆಕ್ಕೆ ಮನೆಯಲ್ಲೇ ಎದ್ದಿತು. 2022ರ ಫೆಬ್ರುವರಿಯಲ್ಲಿ ಕೇಂದ್ರ ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಿದಾಗಲೂ ಬಿಡಿಭಾಗಗಳನ್ನು ಮುಕ್ತವಾಗಿಯೇ ಬಿಟ್ಟಿತು. ಮೋಟಾರು, ಸರ್ವೋಗಳು ಅಂಗಡಿಯಲ್ಲಿ ಸಲೀಸಾಗಿ ಸಿಕ್ಕವು.

ಹಾರಿಸುವುದೆಲ್ಲಿ? ಎತ್ತ ನೋಡಿದರೂ ತೆಂಗು. ಆದರೆ ಬೇಸಿಗೆಯಲ್ಲಿ ಒಣಗುವ ಕೆರೆಯಂಗಳವಿದೆ, ಅದಕ್ಕೆ ಕಾಸು ಕೊಡಬೇಕಿಲ್ಲ. ತೋಟದ ನೆರಳಿಗಿಂತ ಬರಿನೆಲ ಬೇಗ ಕಾಯುವುದರಿಂದ ಬಿಸಿಗಾಳಿ ಏಳುವುದೂ ಅಲ್ಲಿಂದಲೇ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುವ ಕಡೆ ಹುಡುಗ ವಿಮಾನ ತಿರುಗಿಸುತ್ತಾನೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 120 ಮೀಟರ್‌ವರೆಗೆ ಮುಂಗಡ ಅನುಮತಿ ಬೇಡ. ಅಭ್ಯಾಸವನ್ನು ಅದರೊಳಗೇ ಇಟ್ಟುಕೊಂಡಿದ್ದಾನೆ. ಕಡಿಮೆ ಎತ್ತರದಲ್ಲಿ ಗಾಳಿ ಹುಡುಕುವುದೇ ಸ್ಪರ್ಧೆಯ ಬೇಡಿಕೆಯೂ ಆದ್ದರಿಂದ ನಷ್ಟವೇನಿಲ್ಲ.

ವಿಮಾನಕ್ಕೆ ಹಾಕಿದ ದುಡ್ಡನ್ನು ಮನೆಯ ಪುಸ್ತಕದಲ್ಲಿ ಆಟದ ಸಾಮಾನಿನ ಕೆಳಗೆ ಬರೆಯಲಿಲ್ಲ, ಕಾಲೇಜಿನ ಫೀಸಿನ ಕೆಳಗೆ ಬರೆದರು. ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ತೂಕ, ವಿದ್ಯುತ್ತು, ಗಾಳಿ ಮೂರನ್ನೂ ಕೈಯಾರೆ ಲೆಕ್ಕ ಹಾಕಿದ ಹುಡುಗನಿಗೆ ಅಂಥ ಕಡೆ ಕೆಲಸ ಹುಡುಕುವಾಗ ಈ ಅನುಭವ ಉಪಯೋಗಕ್ಕೆ ಬರುತ್ತದೆಂಬುದು ಅಂಕಣಕಾರರ ನಂಬಿಕೆ.

ಕೊನೆಗೆ ಕೊಂಡದ್ದು ಒಳ್ಳೆಯ ಚಾರ್ಜರು, ಎರಡು ಸಾವಿರದ್ದು. ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ವಾರಗಟ್ಟಲೆ ಇಟ್ಟರೆ ಉಬ್ಬಿ ಹಾಳಾಗುತ್ತದೆ. ಹಾರಾಟವಿಲ್ಲದ ಮಳೆಗಾಲಕ್ಕೆ ಈ ಚಾರ್ಜರು ಒಂದೊಂದು ಸೆಲ್ಲನ್ನೂ 3.8 ವೋಲ್ಟಿಗೆ ಇಳಿಸಿ ನಿಲ್ಲಿಸುತ್ತದೆ.