ಚಿತ್ರಕಲೆಯಲ್ಲಿ ಮನುಷ್ಯ–ಪ್ರಾಣಿ ಸಂಬಂಧ: ರವೀಂದ್ರರ ಚಿತ್ರಗಳನ್ನು ಕುರಿತು ಒಂದು ವಿವೇಚನೆ

'ಪ್ರಾಣಿ' ಎಂಬ ಶಬ್ದಕ್ಕೆ ಪ್ರಾಣವುಳ್ಳದ್ದು ಎಂದರ್ಥ. ಈ ಅರ್ಥದಲ್ಲಿ ಮನುಷ್ಯನೂ ಪ್ರಾಣಿಯೇ ಸರಿ. ಆದರೆ ರೂಢಿಯಲ್ಲಿ ನಾವು ಆ ಶಬ್ದದಿಂದ ನಮ್ಮನ್ನು ಹೊರಗಿಟ್ಟುಕೊಂಡು, ಉಳಿದ ಜೀವಿಗಳಿಗೆ ಮಾತ್ರ ಅದನ್ನು ಬಳಸುತ್ತೇವೆ. ಶಬ್ದಾರ್ಥಕ್ಕೂ ರೂಢಿಗೂ ನಡುವೆ ಬಿದ್ದಿರುವ ಈ ಬಿರುಕನ್ನು ಕಲೆಯು ಹೇಗೆ ಕಂಡಿದೆ ಎಂಬುದೇ ಪ್ರಕೃತ ಲೇಖನದ ವಸ್ತು.

1924ರಲ್ಲಿ ಫ್ರಾನ್ಸಿನ ಕವಿ ಆಂದ್ರೆ ಬ್ರೆತೋನನು ಅತಿವಾಸ್ತವವಾದದ ಘೋಷಣಾಪತ್ರವನ್ನು ಪ್ರಕಟಿಸಿದನು. ಎಚ್ಚರದ ಬುದ್ಧಿಯ ಕಟ್ಟಳೆಯನ್ನು ಸಡಿಲಿಸಿ, ಕನಸಿನಲ್ಲಿ ಮೂಡುವ ರೂಪಗಳಿಗೂ ಸತ್ಯದ ಮನ್ನಣೆಯನ್ನು ಕೊಡಬೇಕೆಂಬುದು ಆ ಪಂಥದ ತಿರುಳು. ಬೆಲ್ಜಿಯಂ ದೇಶದ ರೆನೆ ಮಾಗ್ರಿತ್ 1934ರಲ್ಲಿ ರಚಿಸಿದ ಚಿತ್ರವೊಂದರಲ್ಲಿ ಕಡಲ ದಂಡೆಯ ಮೇಲೆ ಒಂದು ಜೀವಿ ಮಲಗಿದೆ. ಮೇಲರ್ಧ ಮೀನು, ಕೆಳಗರ್ಧ ಮಾನವದೇಹ. ನೋಡಿದವರಿಗೆ ಮೊದಲು ನಗು ಬರುತ್ತದೆ, ಅನಂತರ ಕನಿಕರ ಹುಟ್ಟುತ್ತದೆ.

ಅದೇ 1924ರಲ್ಲಿ ರವೀಂದ್ರನಾಥ ಠಾಕೂರರು ಅರ್ಜೆಂಟೀನದಲ್ಲಿದ್ದು 'ಪೂರಬಿ' ಸಂಕಲನದ ಕವಿತೆಗಳನ್ನು ಬರೆಯುತ್ತಿದ್ದರು. ಹಸ್ತಪ್ರತಿಯಲ್ಲಿ ಬೇಡವಾದ ಪದಗಳನ್ನು ಹೊಡೆದುಹಾಕುವಾಗ ಆ ಗೀಟುಗಳನ್ನು ಒಂದಕ್ಕೊಂದು ಕೂಡಿಸಿದರು. ಕೂಡಿದ ಗೀಟುಗಳಿಂದ ವಿಚಿತ್ರ ಪಕ್ಷಿಗಳೂ ಮೃಗಗಳೂ ಮೂಡಿದವು. ಅಲ್ಲಿ ಅವರಿಗೆ ಆತಿಥ್ಯವಿತ್ತ ವಿಕ್ಟೋರಿಯಾ ಒಕಾಂಪೊ ಅವರೇ ಮುಂದೆ 1930ರ ಮೇ ತಿಂಗಳಲ್ಲಿ ಪ್ಯಾರಿಸ್ ನಗರದಲ್ಲಿ ಅವರ ಚಿತ್ರಗಳ ಪ್ರಥಮ ಪ್ರದರ್ಶನಕ್ಕೆ ನೆರವಾದರು. ಆಗ ಕವಿಗೆ 69 ವರ್ಷ. ಜೀವಿತದ ಅಂತ್ಯದೊಳಗೆ ಅವರು ರಚಿಸಿದ ಚಿತ್ರಗಳು ಎರಡು ಸಾವಿರವನ್ನು ಮೀರುತ್ತವೆ. ಬಹುಪಾಲು ಚಿತ್ರಗಳಿಗೆ ಅವರು ಹೆಸರಿಡಲಿಲ್ಲ. ರವೀಂದ್ರರು ಅತಿವಾಸ್ತವ ಪಂಥಕ್ಕೆ ಸೇರಿದವರಲ್ಲ. ಆದರೆ ಬುದ್ಧಿಯ ಅಪ್ಪಣೆಗೆ ಕಾಯದೆ ರೂಪವು ತಾನಾಗಿ ಒದಗಿ ಬಂದ ಬಗೆಯಲ್ಲಿ ಇವೆರಡಕ್ಕೂ ಸಾಮ್ಯವಿದೆ.

ಈ ಕವಿಗೂ ನಮ್ಮ ನೆಲಕ್ಕೂ ನಂಟುಂಟು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತೆರಡರ ಆಸುಪಾಸಿನ ತರುಣ ರವೀಂದ್ರರು ಇಲ್ಲಿಗೆ ಬಂದು ತಂಗಿದ್ದರು. ಹಬ್ಬುವಾಡದ ಮಕ್ಕಳಿಗೂ ಪರಿಚಿತವಾದ ಕಡಲತೀರ ಇಂದು ಅವರ ಹೆಸರನ್ನೇ ಹೊತ್ತಿದೆ. 1884ರಲ್ಲಿ ಪ್ರಕಟವಾದ 'ಪ್ರಕೃತಿರ್ ಪ್ರತಿಶೋಧ' ನಾಟಕ ರಚಿತವಾದದ್ದು ಕಾರವಾರದಲ್ಲಿಯೇ. ಲೋಕದ ಬಂಧವನ್ನೆಲ್ಲ ಕಡಿದುಕೊಂಡೆನೆಂದು ಬೀಗುವ ಸಂನ್ಯಾಸಿಯನ್ನು ಒಬ್ಬ ಅನಾಥ ಬಾಲೆಯ ಪ್ರೀತಿ ಮರಳಿ ಲೋಕಕ್ಕೆ ಸೆಳೆಯುವುದು ಅದರ ಕಥೆ. ಸಂಬಂಧವನ್ನು ಹರಿದುಕೊಂಡವನಿಗೆ ಮುಕ್ತಿಯಿಲ್ಲವೆಂಬ ಆ ನಾಟಕದ ದರ್ಶನವನ್ನು ನೆನೆದು ಮುಪ್ಪಿನ ಈ ಚಿತ್ರಗಳನ್ನು ನೋಡಿದರೆ, ಮೃಗದ ಮುಖದಲ್ಲಿ ನಮ್ಮದೇ ಕಣ್ಣು ಕಂಡಂತಾಗುತ್ತದೆ.

ಇಂಥ ಕಲ್ಪನೆ ಕನ್ನಡಿಗರಿಗೆ ಹೊಸತಲ್ಲ. ಬಳ್ಳಿಗಾವೆಯಲ್ಲಿ 1047ರಲ್ಲಿ ಬನವಾಸಿ ನಾಡನ್ನಾಳುತ್ತಿದ್ದ ಚಾಮುಂಡರಾಯರಸನು ನಿಲ್ಲಿಸಿದ ಸ್ತಂಭದ ಭೇರುಂಡಕ್ಕೆ ಮನುಷ್ಯನ ಒಡಲು, ಹಕ್ಕಿಯ ಎರಡು ತಲೆ. ಅದೇ ಬಳ್ಳಿಗಾವೆಯೊಡನೆ ಪರಂಪರೆಯು ಕೂಡಿಸುವ ಅಲ್ಲಮಪ್ರಭುಗಳ ಬೆಡಗಿನ ವಚನಗಳಲ್ಲಿಯೂ ಮೃಗಪಕ್ಷಿಗಳು ಲೋಕದ ನಿಯಮವನ್ನು ಮೀರಿ ವರ್ತಿಸುತ್ತವೆ. ಬೆಡಗನ್ನು ಬಿಡಿಸಿ ಅರ್ಥಮಾಡಿಕೊಂಡ ನಾಡಿಗೆ ಈ ಚಿತ್ರಗಳು ಒಗಟಾಗಬೇಕಾಗಿಲ್ಲ.

ಇದರಿಂದ ಉಪಾಧ್ಯಾಯರಾದ ನಾವು ಗ್ರಹಿಸಬೇಕಾದುದೇನು? ಜೀವದಯೆಯನ್ನು ನಾವು ಪಾಠದಲ್ಲಿ ಬೋಧಿಸುತ್ತೇವೆ. ಆದರೆ ಮೇಲಿನವನು ಕೆಳಗಿನವನಿಗೆ ತೋರುವ ಅನುಗ್ರಹವೇ ದಯೆಯೆಂದು ತಿಳಿದರೆ ಅದು ಅಹಂಕಾರಕ್ಕೆ ಎಡೆಗೊಡುತ್ತದೆ. ಒಂದೇ ಪ್ರಾಣದ ಬಳಗವೆಂದು ಅರಿತು ಮರುಗಿದರೆ ಮಾತ್ರ ಧರ್ಮವೆನಿಸುತ್ತದೆ. ಬಾಲಕನೊಬ್ಬನು ಹಸುವಿಗೆ ತಾಯಿಯ ಮುಖವನ್ನು ಬರೆದು ತಂದಾಗ, ತಪ್ಪೆಂದು ಕೆಂಪು ಗೀಟು ಎಳೆಯುವ ಮುನ್ನ ಅವನು ಕಂಡದ್ದೇನೆಂದು ಕೇಳುವುದು ಲೇಸು. ಹೊಡೆದುಹಾಕಿದ ಗೀಟಿನಿಂದಲೇ ಒಂದು ಜೀವಲೋಕವನ್ನು ಎಬ್ಬಿಸಿದ ಮಹಾಕವಿಯ ನಿದರ್ಶನ ನಮ್ಮ ಕಣ್ಣಮುಂದಿದೆ.