ಕಾರ್ಖಾನೆಯಲ್ಲಿ ಸಿದ್ಧವಾಗುವ ಉಕ್ಕಿನ ಕಟ್ಟಡ: ನಮ್ಮ ಮಾರಾಟ ಮಳಿಗೆಗೆ ಒಪ್ಪುವುದೇ?



ಸಂಘದ ಮಾರಾಟ ಮಳಿಗೆಗೆ ಹೊಸ ಕಟ್ಟಡ ಬೇಕೆಂಬುದರಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಹಂಚಿನ ಮಾಡು ಸೋರಿ ಗೊಬ್ಬರದ ಚೀಲಗಳು ಗಟ್ಟಿಯಾಗುವುದು, ಕಂಬಗಳ ನಡುವೆ ದಾಸ್ತಾನು ತುಂಬಿ ಗಿರಾಕಿ ನಿಲ್ಲಲು ತಾವಿಲ್ಲದಿರುವುದು, ಸದಸ್ಯರು ಅದೇ ಸಾಮಾನಿಗೆ ಪೇಟೆಯ ಅಂಗಡಿಗೆ ಹೋಗುವುದು ಎಲ್ಲರಿಗೂ ತಿಳಿದ ಸಂಗತಿ. ಕಟ್ಟಡ ಯಾವ ಬಗೆಯದಿರಬೇಕೆಂಬುದು ಮಾತ್ರ ಬರುವ ಮಹಾಸಭೆಯ ಮುಂದಿರುವ ಪ್ರಶ್ನೆ. ಕಾರ್ಖಾನೆಯಲ್ಲಿ ಮೊದಲೇ ಸಿದ್ಧಪಡಿಸಿ ತಂದು ಜೋಡಿಸುವ ಉಕ್ಕಿನ ಕಟ್ಟಡವನ್ನು ಕೆಲವರು ಸೂಚಿಸಿದ್ದಾರೆ. "ಸಂಘಕ್ಕೆ ತಗಡಿನ ಶೆಡ್ಡೇ?" ಎಂದು ಹಲವರು ಹುಬ್ಬೇರಿಸಿದ್ದಾರೆ. ಕಟ್ಟಡ ನಿಧಿ ನಿಮ್ಮೆಲ್ಲರ ಹಣ. ಆದುದರಿಂದ ಕೈ ಎತ್ತುವ ಮೊದಲು ವಿಷಯವನ್ನು ಅರಿತಿರುವುದು ಒಳ್ಳೆಯದೆಂದು ಈ ಲೇಖನ.

ಹೊಸದೇನಲ್ಲ

ಭಾಗಗಳನ್ನು ಒಂದೆಡೆ ಮಾಡಿ ಇನ್ನೊಂದೆಡೆ ಜೋಡಿಸುವ ಪದ್ಧತಿಗೆ ಒಂದೂವರೆ ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ರೂಪಿಸಿದ ಕ್ರಿಸ್ಟಲ್ ಪ್ಯಾಲೇಸ್ ಕಬ್ಬಿಣ ಮತ್ತು ಗಾಜಿನ ಇಂಥ ಕಟ್ಟಡವೇ. ಅದರ ಟೊಳ್ಳು ಕಂಬಗಳೇ ಮಳೆನೀರನ್ನು ಕೆಳಗಿಳಿಸುವ ಕೊಳವೆಗಳೂ ಆಗಿದ್ದವು. ಪ್ಯಾರಿಸಿನಲ್ಲಿ ವಿಕ್ಟರ್ ಬಾಲ್ತಾರ್ 1850ರ ದಶಕದಲ್ಲಿ ಕಬ್ಬಿಣದ ಚೌಕಟ್ಟಿನ ಮಾರುಕಟ್ಟೆ ಮಂಟಪಗಳನ್ನು ಎಬ್ಬಿಸಿದನು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಸ್ತಿಭಾರ ಹಾಕಿದಾಗ ಅದರ ಕಬ್ಬಿಣದ ಭಾಗಗಳು ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಎರಕದ ಕಾರ್ಖಾನೆಯಿಂದ. ಫಲಪುಷ್ಪ ಪ್ರದರ್ಶನಕ್ಕೆ ಹೋದವರಾರೂ ಅದನ್ನು ಶೆಡ್ಡು ಎಂದು ಕರೆದಿಲ್ಲ.

ಚೌಕಟ್ಟಿನ ಮರ್ಮ

ಅಡಿಕೆ ಮರದ ಸಂಕ ದಾಟುವಾಗ ಮರ ಎಲ್ಲಿ ಹೆಚ್ಚು ಬಾಗುತ್ತದೆ? ನಟ್ಟ ನಡುವೆ. ದಡದ ಹತ್ತಿರ ಅದು ಬಾಗುವುದು ಅತ್ಯಲ್ಪ. ಹಾಗಿದ್ದರೂ ಮರದ ದಪ್ಪ ನಾವು ಬೇಡಿದಲ್ಲಿ ಹೆಚ್ಚು, ಬೇಡವೆಂದಲ್ಲಿ ಕಡಿಮೆ ಇರುವುದಿಲ್ಲ. ಉರುಳೆ ಗಿರಣಿಯಿಂದ ಬರುವ ಸಾಮಾನ್ಯ ಉಕ್ಕಿನ ತೊಲೆಯೂ ಹಾಗೆಯೇ, ಉದ್ದಕ್ಕೂ ಒಂದೇ ಗಾತ್ರ. ಕಾರ್ಖಾನೆಯ ಕಟ್ಟಡದಲ್ಲಿ ಉಕ್ಕಿನ ಹಲಗೆಗಳನ್ನು ಲೆಕ್ಕಕ್ಕೆ ತಕ್ಕಂತೆ ಕತ್ತರಿಸಿ ಬೆಸುಗೆ ಹಾಕಿ ತೊಲೆ ಮಾಡುತ್ತಾರೆ. ಬಾಗುವ ಒತ್ತಡ ಹೆಚ್ಚಿರುವಲ್ಲಿ ತೊಲೆ ಅಗಲ, ಕಡಿಮೆಯಿರುವಲ್ಲಿ ಕಿರಿದು.

ಕಂಬವೂ ಮಾಡಿನ ತೊಲೆಯೂ ಕೂಡುವ ಮೂಲೆಗೆ ಮೊಣಕಾಲು ಎನ್ನಬಹುದು. ಒತ್ತಡ ಅತಿ ಹೆಚ್ಚಿರುವುದು ಅಲ್ಲಿ. ಆದ್ದರಿಂದ ಕಂಬ ಬುಡದಲ್ಲಿ ಕಿರಿದಾಗಿದ್ದು ಮೇಲೆ ಹೋದಂತೆ ಅಗಲವಾಗುತ್ತದೆ. ಉಕ್ಕು ಉಳಿಯುವುದು ಒಂದು ಲಾಭ. ಬುಡ ಕಿರಿದಾದ್ದರಿಂದ ನೆಲದ ಜಾಗ ಉಳಿಯುವುದು ಇನ್ನೊಂದು.

ಈ ಚೌಕಟ್ಟುಗಳ ಮೇಲೆ ನಮ್ಮ ಜಂತಿ, ರೀಪುಗಳ ಸ್ಥಾನದಲ್ಲಿ ತೆಳು ಉಕ್ಕನ್ನು ಮಡಚಿ ಮಾಡಿದ ಪರ್ಲಿನ್ನುಗಳು, ಅವುಗಳ ಮೇಲೆ ತಗಡು. ಇಂದು ಬಳಕೆಯಲ್ಲಿರುವ ಒಳ್ಳೆಯ ತಗಡಿನ ಲೇಪದಲ್ಲಿ ತೂಕದ ಲೆಕ್ಕಕ್ಕೆ ಶೇ. 55 ಅಲ್ಯುಮಿನಿಯಂ, ಶೇ. 43.4 ಸತು, ಶೇ. 1.6 ಸಿಲಿಕಾನ್ ಇರುತ್ತದೆ. ಅದರ ಮೇಲೆ ಬಣ್ಣ.

ಜಾಗದ ಲೆಕ್ಕ

ಉದಾಹರಣೆಗೆ 40 ಅಡಿ ಅಗಲ, 60 ಅಡಿ ಉದ್ದದ ಮಳಿಗೆಯೆಂದುಕೊಳ್ಳೋಣ. ಇಪ್ಪತ್ತು ಅಡಿಗೊಂದರಂತೆ 4 ಚೌಕಟ್ಟು, 8 ಮುಖ್ಯ ಕಂಬ, ಎಲ್ಲವೂ ಅಂಚಿನಲ್ಲಿ. ನಡುವೆ ಒಂದೂ ಕಂಬವಿಲ್ಲ. ಇದೇ ಹೊರ ಅಳತೆಗೆ ಸುತ್ತಲೂ 14 ಅಂಗುಲದ ಜಂಬಿಟ್ಟಿಗೆ ಗೋಡೆ ಕಟ್ಟಿದರೆ ಗೋಡೆಯೇ ಸುಮಾರು 228 ಚದರ ಅಡಿಯನ್ನು ನುಂಗುತ್ತದೆ. ಒಂದು ಕೋಣೆಯಷ್ಟು ಜಾಗವಾಯಿತು. ಉಕ್ಕಿನ ಕಂಬಗಳೂ ಒಳಗೆ ಸ್ವಲ್ಪ ಚಾಚುವುದುಂಟು. ಅವುಗಳ ನಡುವಿನ ತಾವಿನಲ್ಲಿ ಕಪಾಟುಗಳನ್ನಿಟ್ಟರೆ ಅದೂ ವ್ಯರ್ಥವಾಗದು.

ನಡುವಿನ ಕಪಾಟುಗಳನ್ನು 5 ಅಡಿಗಿಂತ ಎತ್ತರಿಸದಿದ್ದರೆ ಗುಮಾಸ್ತರಿಗೆ ತಮ್ಮ ಜಾಗದಿಂದಲೇ ಇಡೀ ಮಳಿಗೆ ಕಾಣುತ್ತದೆ. ಸೂರಿನ ಎತ್ತರ 16 ಅಡಿ ಇಟ್ಟುಕೊಂಡರೆ ಹಿಂಬದಿಯಲ್ಲಿ ಒಂದು ಅಟ್ಟ ಹಾಕಿ ಹಗುರ ಸಾಮಾನುಗಳನ್ನು ಇಡಬಹುದು. ಆದರೆ ಅಟ್ಟದ ವಿಚಾರವನ್ನು ನಕ್ಷೆಯ ಹಂತದಲ್ಲಿಯೇ ತಿಳಿಸತಕ್ಕದ್ದು. ಇಂಥ ಚೌಕಟ್ಟನ್ನು ಹೇಳಿದ ಭಾರಕ್ಕೆ ಸರಿಯಾಗಿ ಲೆಕ್ಕ ಹಾಕಿರುತ್ತಾರೆ. ಆಮೇಲೆ ಬೇಕೆಂದಾಗ ಏನನ್ನಾದರೂ ತೂಗುಹಾಕುವ ಸ್ವಾತಂತ್ರ್ಯ ಅದರಲ್ಲಿಲ್ಲ. ಮುಂದೆ ಉದ್ದ ಹೆಚ್ಚಿಸುವ ಆಸೆಯಿದ್ದರೆ ಕೊನೆಯ ಚೌಕಟ್ಟನ್ನೂ ಪೂರ್ಣ ಬಲದ್ದಾಗಿ ಮಾಡಿಸಬೇಕು.

ಅಂದದ ಮಾತು

ಕಟ್ಟಡ ಶೆಡ್ಡಿನಂತೆ ಕಾಣುವುದೂ ಮಳಿಗೆಯಂತೆ ಕಾಣುವುದೂ ಅದರ ಮುಂಭಾಗದಿಂದ. ಎದುರು ಗೋಡೆಯನ್ನು ನಮ್ಮದೇ ಜಂಬಿಟ್ಟಿಗೆಯಿಂದ ಕಟ್ಟಿ, ದೊಡ್ಡ ಗಾಜಿನ ಕಿಟಕಿಗಳನ್ನಿಟ್ಟು, ಎಂಟು ಹತ್ತು ಅಡಿ ಮುಂಚಾಚಿನ ಚಾವಣಿ ಕೊಟ್ಟರೆ ಗಿರಾಕಿ ಕೊಡೆ ಮಡಚಲು, ಜೀಪಿಗೆ ಸಾಮಾನು ಏರಿಸಲು ಒಣ ಜಾಗ ಸಿಗುತ್ತದೆ. ಮಾಡಿನಲ್ಲಿ ಅಲ್ಲಲ್ಲಿ ಬೆಳಕು ಬಿಡುವ ಪಾಲಿಕಾರ್ಬೊನೇಟ್ ಹಾಳೆ ಸೇರಿಸಿದರೆ ಹಗಲು ದೀಪ ಬೇಡ. ತಿಳಿ ಬಣ್ಣದ ಮಾಡು ಬೇಸಗೆಯ ಕಾವನ್ನು ತಗ್ಗಿಸುತ್ತದೆ.

ಮಲೆನಾಡಿನ ಪರೀಕ್ಷೆ

ಬಯಲುಸೀಮೆಗೆ ಒಪ್ಪುವ ನಕ್ಷೆಯನ್ನು ಹಾಗೆಯೇ ತಂದು ಇಲ್ಲಿ ನಿಲ್ಲಿಸುವುದು ಸಲ್ಲದು.

ಮಳೆ: ಕಾರ್ಖಾನೆಯವರು ಸಾಮಾನ್ಯವಾಗಿ 10 ಅಡಿಗೆ 1 ಅಡಿ ಇಳಿಜಾರು ಕೊಡುತ್ತಾರೆ. ನಮ್ಮ ಮಳೆಗೂ ಮಾಡಿನ ಮೇಲೆ ಬೀಳುವ ದರಗಿಗೂ ಇದರ ಎರಡರಷ್ಟನ್ನಾದರೂ ಕೇಳುವುದು ಲೇಸು. ಮೇಲಿನ ಉದಾಹರಣೆಯ ಮಾಡಿನ ಮೇಲೆ ಗಂಟೆಗೆ 50 ಮಿ.ಮೀ. ಮಳೆ ಸುರಿದರೆ 11,000 ಲೀಟರಿಗೂ ಮಿಕ್ಕಿ ನೀರು ಇಳಿಯುತ್ತದೆ. ದೋಣಿಗಳೂ ಇಳಿಗೊಳವೆಗಳೂ ಇದಕ್ಕೆ ತಕ್ಕಂತಿರಬೇಕು. ದೋಣಿ ಕಟ್ಟಡದ ಹೊರಗೇ ಇರಲಿ, ತುಂಬಿ ಹರಿದರೂ ದಾಸ್ತಾನಿಗೆ ಅಪಾಯವಿಲ್ಲ. ತಿರುಪಿನ ತೂತೇ ಇಲ್ಲದಂತೆ ಅಂಚುಗಳನ್ನು ಒಂದರೊಳಗೊಂದು ಮಡಚಿ ಕೂಡಿಸುವ ತಗಡು ಉತ್ತಮ.

ಸದ್ದು ಮತ್ತು ಬೆವರು: ಬರಿಯ ತಗಡಿನ ಕೆಳಗೆ ಆಷಾಢದ ಮಳೆಯಲ್ಲಿ ಮಾತು ಕೇಳಿಸದು. ತಗಡಿನ ಒಳಮೈ ತಣ್ಣಗಾಗಿ ತೇವ ಹನಿಗಟ್ಟಿ ಚೀಲಗಳ ಮೇಲೆ ತೊಟ್ಟಿಕ್ಕುವುದೂ ಉಂಟು. ಆವಿತಡೆ ಹಾಳೆಯಿರುವ ಕಲ್ಲುನಾರು ಅಥವಾ ಗಾಜುನಾರಿನ ಹಾಸು ಹಾಗೂ ಮಾಡಿನ ನೆತ್ತಿಯಲ್ಲಿ ಗಾಳಿಕಿಂಡಿ, ಇವೆರಡನ್ನೂ ಅಂದಾಜು ಪಟ್ಟಿಯಲ್ಲಿ ಸೇರಿಸಲೇಬೇಕು. ಹಣ ಉಳಿಸಲು ಮೊದಲು ಕೈಬಿಡುವ ಬಾಬು ಇದೇ ಆಗಿರುತ್ತದೆ.

ಗಾಳಿ: ಹಗುರ ಕಟ್ಟಡವನ್ನು ಗಾಳಿ ಒತ್ತುವುದಷ್ಟೇ ಅಲ್ಲ, ಮೇಲಕ್ಕೆತ್ತುತ್ತದೆ. ದೊಡ್ಡ ಬಾಗಿಲು ಗಾಳಿಗೆದುರಾಗಿ ತೆರೆದಿದ್ದರೆ ಇನ್ನೂ ಹೆಚ್ಚು. ಆದುದರಿಂದ ಅಸ್ತಿಭಾರವೂ ಅದರಲ್ಲಿ ಹೂತ ಬೋಲ್ಟುಗಳೂ ಕಟ್ಟಡದ ಪ್ರಾಣ. ಲೆಕ್ಕವು ಗಾಳಿಗೆ ಸಂಬಂಧಿಸಿದ ಐ.ಎಸ್. 875ರ ಮೂರನೆಯ ಭಾಗದ 2015ರ ಆವೃತ್ತಿ, ಉಕ್ಕಿಗೆ ಸಂಬಂಧಿಸಿದ ಐ.ಎಸ್. 800ರ 2007ರ ಆವೃತ್ತಿ ಇವುಗಳಿಗೆ ಅನುಗುಣವಾಗಿದೆಯೆಂದು ಇಂಜಿನಿಯರರ ಸಹಿ ಪಡೆಯತಕ್ಕದ್ದು.

ತುಕ್ಕು: ಬೋರ್ಡೋ ದ್ರಾವಣ ಹದಕ್ಕೆ ಬಂದಿದೆಯೇ ಎಂದು ನೋಡಲು ಅದರಲ್ಲಿ ಚಾಕು ಅದ್ದುತ್ತೇವೆ. ಸುಣ್ಣ ಸಾಲದಿದ್ದರೆ ಚಾಕುವಿನ ಮೇಲೆ ಕೆಂಪು ತಾಮ್ರ ಕೂರುತ್ತದೆ. ಅಂದರೆ ತಾಮ್ರ ಕಬ್ಬಿಣವನ್ನು ತಿಂದು ತಾನು ಕೂತಿತು. ಮೈಲುತುತ್ತದ ನೀರು ತಗಡಿಗೆ ತಾಗಿದರೂ ಇದೇ ಕಥೆ. ಸತುವೂ ಅಲ್ಯುಮಿನಿಯಮ್ಮೂ ಇನ್ನೂ ಬೇಗ ಸವೆಯುತ್ತವೆ. ಒದ್ದೆ ಸುಣ್ಣ, ಹಸಿ ಸಿಮೆಂಟು ಕೂಡ ಅಲ್ಯುಮಿನಿಯಂ ಲೇಪಕ್ಕೆ ಶತ್ರು. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡ್ ಉಕ್ಕಿಗೆ ತುಕ್ಕು ತರಿಸುತ್ತದೆ. ಆದುದರಿಂದ ಸುತ್ತಲೂ ನೆಲದಿಂದ 3 ಅಡಿ ಜಂಬಿಟ್ಟಿಗೆ ಅಥವಾ ಕಾಂಕ್ರೀಟು ಗೋಡೆಯಿದ್ದು ತಗಡು ಅದರ ಮೇಲಿಂದ ಆರಂಭವಾಗಲಿ. ಗೊಬ್ಬರ, ಮೈಲುತುತ್ತ, ಸುಣ್ಣಗಳಿಗೆ ಹಿಂಬದಿಯಲ್ಲಿ ಗಾಳಿಯಾಡುವ ಪ್ರತ್ಯೇಕ ಕೋಣೆ ಕಲ್ಲುಗೋಡೆಯದೇ ಆಗಿರಲಿ. ಪರಿಮಳವನ್ನೂ ನಾತವನ್ನೂ ಬೇಗ ಹೀರುವ ಕಾಫಿಯನ್ನು ಅದರ ಬಳಿ ಇಡಲೇಬಾರದು.

ಬೆಂಕಿ: ಉಕ್ಕು ಉರಿಯುವುದಿಲ್ಲ, ನಿಜ. ಆದರೆ 550 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಹೆಚ್ಚು ಕಡಿಮೆ ಅರ್ಧ ಬಲ ಕಳೆದುಕೊಳ್ಳುತ್ತದೆ. ಎಣ್ಣೆ ಪೀಪಾಯಿಗಳು ಮಳಿಗೆಯಿಂದ ಹೊರಗಿರಬೇಕು.

ಕಾಲ ಮತ್ತು ದಾರಿ

ಅಸ್ತಿಭಾರ ಕಟ್ಟುತ್ತಿರುವಾಗಲೇ ಚೌಕಟ್ಟು ಕಾರ್ಖಾನೆಯಲ್ಲಿ ತಯಾರಾಗುವುದರಿಂದ ಸಮಯ ಉಳಿಯುತ್ತದೆ. ನಮ್ಮಲ್ಲಿ ಒಣ ತಿಂಗಳುಗಳು ಕೆಲವೇ. ಅವೇ ಕಾಫಿ ಅಡಿಕೆ ಕೊಯ್ಲಿನ ತಿಂಗಳುಗಳೂ ಹೌದು, ಆಳು ಸಿಕ್ಕುವುದು ಕಷ್ಟ. ಜೋಡಣೆಗೆ ಕಡಿಮೆ ಜನ ಸಾಕಾಗುವುದು ಈ ಪದ್ಧತಿಯ ಹೆಚ್ಚುಗಾರಿಕೆ. ಆದರೆ ಘಟ್ಟದ ತಿರುವುಗಳಲ್ಲಿ ಲಾರಿ ತಿರುಗುವಷ್ಟೇ ಉದ್ದದ ತುಂಡುಗಳಾಗಿ ತೊಲೆಗಳನ್ನು ಮಾಡಿಸಬೇಕು. ಕ್ರೇನು ನಿಲ್ಲಲು ಗಟ್ಟಿ ನೆಲ ಬೇಕು. ಬೋಲ್ಟುಗಳ ಸ್ಥಾನ ಅಂಗುಲದಷ್ಟು ತಪ್ಪಿದರೂ ಕಂಬ ಕೂರದು. ಆದ್ದರಿಂದ ಕಾರ್ಖಾನೆಯ ಅಚ್ಚುಪಟ್ಟಿಯಿಟ್ಟೇ ಕಾಂಕ್ರೀಟು ಹಾಕತಕ್ಕದ್ದು.

ಕೊನೆಯ ಮಾತು

ಇಪ್ಪತ್ತು ಅಡಿ ಅಗಲ ಸಾಕು ಎಂದಾದರೆ, ಅಥವಾ ಮೇಲೆ ಇನ್ನೊಂದು ಅಂತಸ್ತು ಕಟ್ಟುವ ಯೋಚನೆಯಿದ್ದರೆ, ಈ ಕಟ್ಟಡ ನಮಗೆ ಬೇಡ. ಕಲ್ಲು ಕಟ್ಟಡವೇ ಸಾಕು. ಕಂಬವಿಲ್ಲದ ಅಗಲ ಮಳಿಗೆ ಒಂದೇ ಒಣ ಋತುವಿನಲ್ಲಿ ಬೇಕೆಂದಾದರೆ ಇದು ಯೋಗ್ಯ. ಟೆಂಡರುಗಳನ್ನು ಹೋಲಿಸುವಾಗ ಉಕ್ಕಿನ ದರವೊಂದನ್ನೇ ನೋಡದೆ ಅಸ್ತಿಭಾರ, ಹಾಸು, ದೋಣಿ, ಕ್ರೇನು, ಸಾಗಣೆ, ತೆರಿಗೆ ಎಲ್ಲವೂ ಸೇರಿದ ಮೊತ್ತವನ್ನು ನೋಡಬೇಕು. ಎರಡೂ ಬಗೆಯ ನಕ್ಷೆಗಳನ್ನೂ ಅಂದಾಜು ಪಟ್ಟಿಗಳನ್ನೂ ಸಂಘದ ಕಛೇರಿಯಲ್ಲಿ ಇಡಲಾಗುವುದು. ಸದಸ್ಯರು ಬಂದು ಪರಿಶೀಲಿಸಿ, ಪ್ರಶ್ನೆಗಳನ್ನು ಮಹಾಸಭೆಗೆ ಮುಂಚೆಯೇ ಬರೆದು ಕೊಡಬೇಕಾಗಿ ವಿನಂತಿ.

– ಕಾರ್ಯದರ್ಶಿ