ಬಲಿಪ ಭಾಗವತರ ಎಳವೆಯ ಅಭ್ಯಾಸ

ಫರಂಗಿಪೇಟೆಯ ಸುತ್ತಿನ ಗದ್ದೆಗಳಲ್ಲಿ ಬಯಲಾಟ ನೋಡಿದವರೆಲ್ಲರೂ ಬಲ್ಲ ಸಂಗತಿಯೊಂದುಂಟು: ಮೊದಲ ಜಾವದಲ್ಲಿ ಹಾಡಿದವನೇ ಬೆಳಗಿನ ತನಕ ಹಾಡುವುದಿಲ್ಲ. ಚೌಕಿಯ ಪೂಜೆ ಮುಗಿದೊಡನೆ ರಂಗಕ್ಕೆ ಬಂದು ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳನ್ನು ಕುಣಿಸುವ ಕಿರಿಯ ಹಾಡುಗಾರನಿಗೆ ತೆಂಕುತಿಟ್ಟಿನಲ್ಲಿ 'ಸಂಗೀತಗಾರ'ನೆಂದು ಹೆಸರು. ಪ್ರಸಂಗವು ಕಾವೇರಿದ ಮೇಲೆ ಜಾಗಟೆಯು ಮುಖ್ಯ ಭಾಗವತರ ಕೈ ಸೇರುತ್ತದೆ. ಪ್ರೇಕ್ಷಕರೂ ಆಗಲೇ ನೆಟ್ಟಗೆ ಕುಳಿತುಕೊಳ್ಳುವುದು! ಅಲ್ಲಿಯವರೆಗೆ ಹಾಡಿದವನ ಶ್ರಮವನ್ನು ಗಮನಿಸುವವರು ವಿರಳ. ಆದರೂ ತಾಳದ ಲೆಕ್ಕವು ಕೈಗೆ ಹತ್ತುವುದು ಆ ನಿದ್ದೆಗಣ್ಣಿನ ಸಭೆಯ ಮುಂದೆಯೇ. ಮೇಳವೇ ಈ ವಿದ್ಯೆಯ ಶಾಲೆ.

ಬಲಿಪ ನಾರಾಯಣ ಭಾಗವತರು (1938–2023) ಕಾಸರಗೋಡು ಸೀಮೆಯ ಪಡ್ರೆಯಲ್ಲಿ ಹುಟ್ಟಿದವರು. ಅದೇ ಹೆಸರಿನ ಅಜ್ಜನವರೂ ಪ್ರಸಿದ್ಧ ಭಾಗವತರು, ಅವರೇ ಗುರುಗಳು. ಬಾಲಕನು ಎಳವೆಯಲ್ಲಿಯೇ ಶಾಲೆ ಬಿಟ್ಟು ಮೇಳ ಸೇರಿದನು. ಅಜ್ಜನ ಹೆಸರು ವರವೂ ಹೌದು, ಹೊರೆಯೂ ಹೌದು: ಪದವೊಂದು ತುಸು ಜಾರಿದರೂ ಹಿರಿಯರ ಕಿವಿ ಹೋಲಿಸಿ ನೋಡದೆ ಬಿಟ್ಟೀತೆ? ಧ್ವನಿವರ್ಧಕವಿಲ್ಲದ ಬಯಲಿನಲ್ಲಿ ಚೆಂಡೆಯ ಪೆಟ್ಟನ್ನು ಮೀರಿ ಹಾಡಬೇಕಾದರೆ ಶ್ರುತಿ ಏರಬೇಕು. ಏರಿದರೂ ಸಾಹಿತ್ಯ ಕಲಸಿಹೋಗಬಾರದು. ಇದು ಹಳಬರ ಕಟ್ಟುನಿಟ್ಟು. ರಾಗವಿಸ್ತಾರಕ್ಕಿಂತ ಇದೇ ಕಷ್ಟವೆಂದು ನನ್ನ ಎಣಿಕೆ. ಏರುಶ್ರುತಿಯ ಆ ಸ್ಪಷ್ಟ ಗಾಯನವೇ ಮುಂದೆ ಬಲಿಪರ ಗುರುತಾಯಿತು.

ಕಟೀಲು ಮೇಳದಲ್ಲಿ ಅವರು ದಶಕಗಳ ಕಾಲ ಹಾಡಿದರು. ಮೂಡಬಿದಿರೆಯ ಬಳಿಯ ಮಾರೂರಿನಲ್ಲಿ ನೆಲೆಸಿ ಪ್ರಸಂಗಗಳನ್ನೂ ಬರೆದರು. ಐದು ದಿನಗಳ 'ದೇವೀಮಹಾತ್ಮೆ' ಅವುಗಳಲ್ಲೊಂದು. ಜನರು ಅವರ ಹಾಡುಗಾರಿಕೆಯನ್ನು 'ಬಲಿಪ ಶೈಲಿ' ಎಂದು ಕರೆದರು. ಅದರಲ್ಲಿ ಅಜ್ಜನದೆಷ್ಟು, ಮೊಮ್ಮಗನದೆಷ್ಟು ಎಂದು ಹಳೆಯ ಪ್ರೇಕ್ಷಕರು ಈಗಲೂ ವಾದಿಸುವುದುಂಟು.